ಸಿಂಥೆಟಿಕ್ ಆಯಿಲ್ ಹಾಕಿದರೆ ಎಂಜಿನ್ ಸವೆಯೋದೇ ಇಲ್ವಾ?

ಗಾಡಿ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಎಂಜಿನ್ ಆಯಿಲ್ ಬಗ್ಗೆಯೇ ಜಾಸ್ತಿ. ಟೈರ್, ಬ್ಯಾಟರಿ, ಇನ್ಶೂರೆನ್ಸ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆ ತನಕ ಸ್ವಲ್ಪ ಕಾಯಬೇಕು.

ಪ್ರಶ್ನೆ: ನನ್ನದು 2017ರ 110 ಸಿಸಿ ಬೈಕ್. 62,000 ಕಿ.ಮೀ. ಓಡಿದೆ. ಇಲ್ಲಿವರೆಗೂ ಕಂಪನಿ ಹೇಳಿದ ಮಾಮೂಲಿ 10ಡಬ್ಲ್ಯೂ-30 ಆಯಿಲ್ ಹಾಕಿಸುತ್ತಿದ್ದೆ. ಈಗ ಮೆಕ್ಯಾನಿಕ್ ‘ಫುಲ್ ಸಿಂಥೆಟಿಕ್ ಹಾಕ್ಸಿ ಸಾರ್, ಎಂಜಿನ್ ಸವೆಯೋದೇ ಇಲ್ಲ, ಹತ್ತು ಸಾವಿರ ಕಿಲೋಮೀಟರ್ ಮುಟ್ಟೋದೇ ಬೇಡ’ ಅಂತಿದ್ದಾರೆ. ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಹಾಕಿಸಲಾ?
– ಓದುಗರು, ದಾವಣಗೆರೆ

ಉತ್ತರ: ಹಾಕಿಸಿದರೆ ಕೆಡುಕೇನೂ ಇಲ್ಲ. ಆದರೆ ಅವರು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು. ನಿಮ್ಮ ಬೈಕ್ ಹಾಳಾಗೋದು ಆ ಎರಡನೇ ಮಾತಿನಿಂದ.

ಎಂಜಿನ್ ಒಳಗೆ ಎಲ್ಲ ಕಡೆ ಒಂದೇ ಥರ ಸವೆತ ಆಗುವುದಿಲ್ಲ. ಶಾಫ್ಟ್ ಜೋರಾಗಿ ತಿರುಗುವ ಜಾಗದಲ್ಲಿ ಆಯಿಲ್ ತಾನಾಗಿಯೇ ಒಳಗೆ ಎಳೆದುಕೊಂಡು ಪದರ ಕಟ್ಟುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ, ಅಲ್ಲಿ ಮಾಮೂಲಿ ಮಿನರಲ್ ಆಗಲಿ ಸಿಂಥೆಟಿಕ್ ಆಗಲಿ ಸರಿಯಾದ ಗ್ರೇಡ್ (10ಡಬ್ಲ್ಯೂ-30 ಥರ ದಪ್ಪ ತಿಳಿಸುವ ಗುರುತು) ಇದ್ದರೆ ಸಾಕು. ತೊಂದರೆ ಇರುವುದು ಆ ಪದರ ನಿಲ್ಲದ ಕಡೆ. ವಾಲ್ವ್ ತೆರೆಯಲು ಕ್ಯಾಮ್‌ನ ಮೂತಿ ರಾಕರ್ ಆರ್ಮ್ ಎಂಬ ತೋಳನ್ನು ಒತ್ತುವಲ್ಲಿ. ಪಿಸ್ಟನ್ ಮೇಲೆ ಹೋಗಿ, ಒಂದು ಕ್ಷಣ ನಿಂತು, ವಾಪಸ್ ಹೊರಡುವಲ್ಲಿ. ಮತ್ತೆ, ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು.

ಇಂಥ ಜಾಗಗಳಲ್ಲಿ ಎಂಜಿನ್ ಅನ್ನು ಕಾಪಾಡುವುದು ಹೆಚ್ಚಾಗಿ ಆಯಿಲ್ ಅಲ್ಲ, ಆಯಿಲ್‌ನಲ್ಲಿ ಬೆರೆಸಿರುವ ಮದ್ದು. ಝೆಡ್‌ಡಿಡಿಪಿ ಅಂತ ಅದರ ಹೆಸರು, ಜಿಂಕ್ ಮತ್ತು ಫಾಸ್ಫರಸ್ ಇರುವ ರಾಸಾಯನಿಕ, 1940ರ ದಶಕದಿಂದ ಬಳಕೆಯಲ್ಲಿದೆ. ಉಜ್ಜಾಟದ ಬಿಸಿಗೆ, ಒತ್ತಡಕ್ಕೆ ಅದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಕೆಳಗಿನ ಉಕ್ಕು ಉಳಿಯುತ್ತದೆ, ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಮದ್ದು ಮಿನರಲ್ ಆಯಿಲ್‌ನಲ್ಲೂ ಇದೆ, ಸಿಂಥೆಟಿಕ್‌ನಲ್ಲೂ ಇದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಎನ್ ಅಥವಾ ಎಸ್‌ಪಿ ಎಂಬ ದರ್ಜೆ ಸಿಗಬೇಕಾದರೆ ಕ್ಯಾಮ್ ಸವೆತದ ಪರೀಕ್ಷೆ ಪಾಸಾಗಲೇಬೇಕು, ಅದರಲ್ಲಿ ಸಿಂಥೆಟಿಕ್‌ಗೆ ಒಂದು ಅಳತೆ ಮಿನರಲ್‌ಗೆ ಒಂದು ಅಳತೆ ಅಂತ ಇಲ್ಲ. ಹಾಗಾಗಿ ಒಂದೇ ಗ್ರೇಡ್, ಒಂದೇ ದರ್ಜೆಯ ಎರಡು ಡಬ್ಬಿ ಪಕ್ಕಪಕ್ಕ ಇಟ್ಟರೆ, ಸವೆತದ ಮಟ್ಟಿಗೆ ನಡುವಿನ ಅಂತರ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ.

ಹಾಗಾದರೆ ಸಿಂಥೆಟಿಕ್‌ಗೆ ದುಡ್ಡು ಯಾಕೆ ಕೊಡಬೇಕು? ಅದರ ಲಾಭ ಬೇರೆ ಕಡೆ ಇದೆ. ತಣ್ಣಗಿದ್ದಾಗ ಬೇಗ ಹರಿಯುತ್ತದೆ. ಬಿಸಿಯಾದಾಗ ಜಾಸ್ತಿ ನೀರಾಗುವುದಿಲ್ಲ. ಆವಿಯಾಗಿ ಕಮ್ಮಿ ಆಗುವುದು ಕಡಿಮೆ. ಮುಖ್ಯವಾಗಿ, ಬಿಸಿಗೆ ಬೇಗ ಕೆಡುವುದಿಲ್ಲ. ಆಯಿಲ್ ಬಿಸಿ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಅಂತ ಈ ಕ್ಷೇತ್ರದವರು ಲೆಕ್ಕ ಹಿಡಿಯುತ್ತಾರೆ. ಗಾಳಿಯಿಂದಲೇ ತಣಿಯಬೇಕಾದ ಬೈಕ್ ಎಂಜಿನ್‌ಗೆ, ಬೇಸಿಗೆಯ ಟ್ರಾಫಿಕ್‌ನಲ್ಲಿ, ಈ ಗುಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಈಗ ಎರಡನೇ ಮಾತು. ನಿಮ್ಮಂಥ ಎಷ್ಟೋ ಸಣ್ಣ ಬೈಕ್‌ಗಳಲ್ಲಿ ಕಾರಿನಲ್ಲಿರುವ ಹಾಗೆ ಪೇಪರ್ ಆಯಿಲ್ ಫಿಲ್ಟರ್ ಇರುವುದಿಲ್ಲ. ಒಂದು ಜಾಲರಿ, ಜೊತೆಗೆ ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು, ಅಷ್ಟೇ. ಅದೇ ಒಂದು ಲೀಟರ್ ಆಸುಪಾಸಿನ ಆಯಿಲ್ ಎಂಜಿನ್‌ಗೂ ಬೇಕು, ಗೇರ್‌ಗೂ ಬೇಕು, ಕ್ಲಚ್‌ಗೂ ಬೇಕು. ಗೇರಿನ ಹಲ್ಲುಗಳು ಆಯಿಲ್‌ನ ದಪ್ಪ ಕಾಪಾಡುವ ಪಾಲಿಮರ್ ಅನ್ನು ಕತ್ತರಿಸುತ್ತಾ ಹೋಗುತ್ತವೆ. ಕ್ಲಚ್ ಪ್ಲೇಟಿನ ಪುಡಿ ಅದರಲ್ಲೇ ಬೀಳುತ್ತದೆ. ದೂಳೂ ಅದರಲ್ಲೇ. ತಲೆಕೂದಲು ಹೆಚ್ಚುಕಮ್ಮಿ 70 ಮೈಕ್ರಾನ್ ದಪ್ಪ, ಬೇರಿಂಗ್‌ನ ಆಯಿಲ್ ಪದರ ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ದೂಳಿನ ಕಣ ಆ ಪದರಕ್ಕಿಂತ ದಪ್ಪ ಇರುತ್ತದೆ. ಸಿಂಥೆಟಿಕ್ ಕೆಡದೇ ಇರಬಹುದು, ಆದರೆ ಒಳಗೆ ಸೇರಿದ ಪುಡಿ ಮತ್ತು ದೂಳನ್ನು ಅದು ಹೊರಗೆ ಹಾಕುವುದಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಮಾತ್ರ ಅದು ಹೊರಗೆ ಬರೋದು. ಆದ್ದರಿಂದ ಯಾವ ಆಯಿಲ್ ಹಾಕಿದರೂ ಮ್ಯಾನುಯಲ್‌ನಲ್ಲಿ ಬರೆದ ಕಿಲೋಮೀಟರಿಗೇ ಬದಲಿಸಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. 60,000 ದಾಟಿದ ಬೈಕ್ ಸ್ವಲ್ಪ ಆಯಿಲ್ ಕುಡಿಯಬಹುದು. ಇರುವುದೇ ಒಂದು ಲೀಟರ್, ಅದರಲ್ಲಿ 300 ಎಂಎಲ್ ಸುಟ್ಟುಹೋದರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಹೋದ ಹಾಗೆ. ಮೊದಲು ಪೆಟ್ಟು ಬೀಳುವುದು ಎಲ್ಲಕ್ಕಿಂತ ಮೇಲಿರುವ ಕ್ಯಾಮ್‌ಗೆ. ಆಯಿಲ್ ಕಮ್ಮಿಯಾಗಿ ಓಡಿದ ಬೈಕಿನ ಹೆಡ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಕನ್ನಡಿ ಥರ ಹೊಳೆಯಬೇಕಾದ ಕ್ಯಾಮ್ ಮೂತಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಉಗುರು ಆಡಿಸಿದರೆ ಸಣ್ಣ ಸಣ್ಣ ಗುಳಿ ಸಿಗುತ್ತವೆ, ಅದಕ್ಕೆ ತಾಗುವ ರಾಕರ್ ಆರ್ಮ್‌ನ ಮುಖದಲ್ಲಿ ಅಡ್ಡಕ್ಕೆ ಒಂದು ಮೆಟ್ಟಿಲು ಬಿದ್ದಿರುತ್ತದೆ. ಟ್ಯಾಪೆಟ್ ಎಷ್ಟು ಸಲ ಅಡ್ಜಸ್ಟ್ ಮಾಡಿದರೂ ಟಕಟಕ ಸದ್ದು ಹೋಗದೇ ಇರುವುದು ಇದರಿಂದಲೇ. ಈ ಸವೆತವನ್ನು ತಡೆಯೋದು ಹದಿನೈದು ದಿನಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡೋ ಅಭ್ಯಾಸ. ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲಿರಲಿ, ಎಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ, ಕಡ್ಡಿ ಒರೆಸಿ ಮತ್ತೆ ಅದ್ದಿ. ಅದ್ದುವಾಗ ಕಡ್ಡಿಯ ಮುಚ್ಚಳ ತಿರುಗಿಸಿ ಬಿಗಿಯಬೇಕಾ, ಸುಮ್ಮನೆ ಕೂರಿಸಬೇಕಾ ಅನ್ನೋದು ಬೈಕಿಂದ ಬೈಕಿಗೆ ಬೇರೆ, ಮ್ಯಾನುಯಲ್ ನೋಡಿಕೊಳ್ಳಿ.

ನನ್ನ ಸಲಹೆ: ಕಂಪನಿ ಹೇಳಿದ 10ಡಬ್ಲ್ಯೂ-30 ಮುಂದುವರಿಸಿ, ಸಮಯಕ್ಕೆ ಬದಲಿಸಿ, ಉಳಿದ ದುಡ್ಡಿನಲ್ಲಿ ಹೊಸ ಏರ್ ಫಿಲ್ಟರ್ ಹಾಕಿಸಿ. ಸಿಂಥೆಟಿಕ್ ಹಾಕಿಸಲೇಬೇಕು ಅಂತ ಮನಸ್ಸಿದ್ದರೆ ಡಬ್ಬಿ ಮೇಲೆ ಜಾಸೊ (ಜಪಾನಿನ ವಾಹನ ಗುಣಮಟ್ಟ) ಎಂಎ ಅಥವಾ ಎಂಎ2 ಗುರುತು ಇದೆಯಾ ನೋಡಿ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಘರ್ಷಣೆ ಇಳಿಸುವ ರಾಸಾಯನಿಕ ಇರುತ್ತದೆ, ಅದು ಬೈಕಿಗೆ ಬಿದ್ದರೆ ಕ್ಲಚ್ ಸ್ಲಿಪ್ ಆಗಬಹುದು. ಎಂಬಿ ಗುರುತಿನದು ಗೇರ್ ಇಲ್ಲದ ಸ್ಕೂಟರ್‌ಗೆ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರು, ಮಾರತಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಾಟ. 10,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಆಯಿಲ್ ಚೇಂಜ್ ಅಂತ ಬರೆದಿದೆ. ಈಗ 8 ತಿಂಗಳು, 5,500 ಕಿ.ಮೀ. ಆಗಿದೆ. ಸಿಂಥೆಟಿಕ್ ಅಲ್ವಾ, ವರ್ಷ ತುಂಬೋ ತನಕ ಬಿಡಬಹುದಾ?
– ಓದುಗರು, ಬೆಂಗಳೂರು

ಉತ್ತರ: ನಾನಾಗಿದ್ದರೆ ಈಗಲೇ ಬದಲಿಸುತ್ತಿದ್ದೆ. ನಿಮ್ಮ ದಾರಿಯಲ್ಲಿ ಗಂಟೆಗೆ ಸರಾಸರಿ 15 ಕಿ.ಮೀ. ಹೋಗುತ್ತೀರಿ ಅಂದುಕೊಳ್ಳಿ. 5,500 ಕಿ.ಮೀ. ಅಂದರೆ ಎಂಜಿನ್ ಸುಮಾರು 367 ಗಂಟೆ ಓಡಿದೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ ಅಷ್ಟೇ ಗಂಟೆ ಓಡಿಸಿದ್ದರೆ ಮೀಟರ್‌ನಲ್ಲಿ ಸುಮಾರು 22,000 ಕಿ.ಮೀ. ಇರುತ್ತಿತ್ತು. ನಿಂತಲ್ಲೇ ಓಡುವ ಎಂಜಿನ್ ಮೇಲೆ ಹೈವೇಯಷ್ಟು ಭಾರ ಇಲ್ಲ ಅನ್ನುವುದು ನಿಜ, ಆದರೆ ಸಿಗ್ನಲ್‌ನಲ್ಲಿ ಕಳೆದ ಹೊತ್ತನ್ನು ಕಿಲೋಮೀಟರ್ ಮೀಟರ್ ಎಣಿಸುವುದೇ ಇಲ್ಲ. ಮ್ಯಾನುಯಲ್‌ನ ಸರ್ವಿಸ್ ಪುಟದಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಜಾಸ್ತಿ ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುವುದು), ನಿಂತು ಹೊರಡುವ ಟ್ರಾಫಿಕ್, ಸಣ್ಣ ಸಣ್ಣ ಓಡಾಟ, ದೂಳು. ಬೆಂಗಳೂರಿನ ಓಡಾಟ ಪೂರ್ತಿ ಆ ಪಟ್ಟಿಯಲ್ಲೇ ಬರುತ್ತದೆ, ಅಲ್ಲಿ ಬರೆದಿರುವ ಅಂತರವನ್ನೇ ನೀವು ಪಾಲಿಸಬೇಕು. ಸಾಮಾನ್ಯವಾಗಿ ಅದು ಅರ್ಧಕ್ಕೆ ಇಳಿದಿರುತ್ತದೆ.

ನಿಮಗೆ ಸಿಂಥೆಟಿಕ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ಅದರ ಒಂದು ಬದಿಯಲ್ಲಿ ಲೋಹ ಕೆಂಪಗೆ ಕಾಯುವಷ್ಟು ಬಿಸಿಯ ಎಂಜಿನ್ ಹೊಗೆ, ನಡುವಿನ ಬೇರಿಂಗ್‌ನಲ್ಲಿ ನಿಮ್ಮ ಆಯಿಲ್. ಕಳಪೆ ಆಯಿಲ್ ಅಲ್ಲಿ ಸುಟ್ಟು ಗಟ್ಟಿ ಇದ್ದಿಲಾಗಿ ಕೂರುತ್ತದೆ, ಆಯಿಲ್ ಹೋಗುವ ಸಣ್ಣ ದಾರಿ ಮುಚ್ಚುತ್ತದೆ. ಎಂಜಿನ್ ಹೊಸದರಂತಿದ್ದರೂ ಟರ್ಬೊ ಹೋಗಿರುತ್ತದೆ. ಘಾಟಿ ಹತ್ತಿಯೋ, ಜೋರಾಗಿ ಓಡಿಸಿಯೋ ಬಂದ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ.

ಡಬ್ಬಿ ಮೇಲೆ ಎಪಿಐ ಎಸ್‌ಪಿ ಇದೆಯಾ ಅಂತಲೂ ನೋಡಿ. 2020ರಲ್ಲಿ ಬಂದ ದರ್ಜೆ ಇದು. ಸಿಲಿಂಡರ್ ಒಳಗೇ ನೇರ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕ್ ಬರುವ ಮೊದಲೇ ಉರಿ ಹೊತ್ತಿಕೊಳ್ಳುವ ಕಾಯಿಲೆ ಒಂದಿದೆ, ಅದು ಪಿಸ್ಟನ್ ಒಡೆಯುವಷ್ಟು ಜೋರಿರುತ್ತದೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ದರೆ ಅದು ಹೆಚ್ಚುತ್ತದೆ ಅಂತ ತಿಳಿದ ಮೇಲೆ ಮದ್ದಿನ ಪಾಕವನ್ನೇ ಬದಲಿಸಿದರು. ಜೊತೆಗೆ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿತು. ಹಳೆಯ ದರ್ಜೆಯ ದುಬಾರಿ ಸಿಂಥೆಟಿಕ್‌ಗಿಂತ ಎಸ್‌ಪಿ ಇರುವ ಸಾಧಾರಣ ಬೆಲೆಯದು ನಿಮ್ಮ ಕಾರಿಗೆ ಒಳ್ಳೆಯದು.

ಪ್ರಶ್ನೆ: ಕಾರು 1.4 ಲಕ್ಷ ಕಿ.ಮೀ. ಓಡಿದೆ, ಮೊದಲಿನಿಂದಲೂ ಮಿನರಲ್. ಈಗ ಸಿಂಥೆಟಿಕ್ ಹಾಕಿದರೆ ಸೀಲ್ ಎಲ್ಲಾ ಲೀಕ್ ಆಗುತ್ತೆ ಅಂತಾರೆ ನಮ್ಮೂರಿನ ಗ್ಯಾರೇಜ್‌ನವರು. ಹೌದಾ?
– ಓದುಗರು, ಶಿರಸಿ

ಉತ್ತರ: ಆ ಮಾತಿಗೆ ಹಳೆಯ ಕಾರಣ ಒಂದಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ಕಾರುಗಳಿಗೆ ಸಿಂಥೆಟಿಕ್ ಮಾರಾಟ ಶುರುವಾದಾಗ ಆಗಿನ ಕೆಲವು ಆಯಿಲ್‌ಗಳು ಆಗಿನ ರಬ್ಬರ್ ಸೀಲ್‌ಗಳಿಗೆ ಒಗ್ಗಲಿಲ್ಲ. ಒಂದು ಬಗೆಯ ಆಯಿಲ್ ರಬ್ಬರನ್ನು ಕುಗ್ಗಿಸುತ್ತಿತ್ತು, ಇನ್ನೊಂದು ಊದಿಸುತ್ತಿತ್ತು. ಈಗ ಎರಡರ ಗುಣವನ್ನೂ ಸರಿತೂಗಿಸಿ ಮಾಡುತ್ತಾರೆ, ಸೀಲ್‌ಗಳೂ ಬದಲಾಗಿವೆ. ಇಷ್ಟಕ್ಕೂ ಅಂಗಡಿಯಲ್ಲಿ ಸಿಗುವ ಎಷ್ಟೋ ಸಿಂಥೆಟಿಕ್ ಕಚ್ಚಾ ತೈಲದಿಂದಲೇ ಬಂದದ್ದು, ಮಾಮೂಲಿಗಿಂತ ತುಂಬಾ ಜಾಸ್ತಿ ಶುದ್ಧ ಮಾಡಿದ ಗ್ರೂಪ್ 3 ಎಂಬ ಬಗೆ. ಇದನ್ನು ಸಿಂಥೆಟಿಕ್ ಅಂತ ಮಾರಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳವೇ ಆಗಿ, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಮಾರಬಹುದು ಎಂದಿತು.

ಆದರೆ ಗ್ಯಾರೇಜ್‌ನವರು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿರಬಹುದು. ವರ್ಷಗಟ್ಟಲೆ ಆಯಿಲ್ ಸರಿಯಾಗಿ ಬದಲಿಸದ ಎಂಜಿನ್‌ನಲ್ಲಿ ಟಾರಿನಂಥ ಕೊಳೆ ಕಟ್ಟಿಕೊಂಡಿರುತ್ತದೆ, ಗಟ್ಟಿಯಾಗಿ ಬಿರುಕು ಬಿಟ್ಟ ಸೀಲ್‌ಗೆ ಆ ಕೊಳೆಯೇ ಅಡ್ಡ ನಿಂತಿರುತ್ತದೆ. ಹೊಸ ಆಯಿಲ್‌ನ ಡಿಟರ್ಜೆಂಟ್ ಅದನ್ನು ತೊಳೆದಾಗ ಮೊದಲೇ ಇದ್ದ ಬಿರುಕು ಹೊರಗೆ ಕಾಣುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಒಳಗಿನ ಲೋಹ ಜೇನಿನ ಬಣ್ಣಕ್ಕಿದ್ದರೆ ಧೈರ್ಯವಾಗಿ ಬದಲಿಸಿ. ಕಪ್ಪು ಮುದ್ದೆ ಕೂತಿದ್ದರೆ ಮಿನರಲ್‌ನಲ್ಲೇ ಇದ್ದು, 2,000–3,000 ಕಿ.ಮೀ.ಗೆ ಒಂದೆರಡು ಸಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕೊಳೆ ನಿಧಾನಕ್ಕೆ ಇಳಿಯಲಿ. ಒಂದೇ ಸಲಕ್ಕೆ ಫ್ಲಶ್ ಮಾಡಿಸಿ ಒಳಗೆಲ್ಲ ತೊಳೆಸಿದರೆ ಎದ್ದ ಕೊಳೆ ಹೋಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು, 1,000 ಕಿ.ಮೀ.ಗೆ ಲೀಟರ್ ಆಯಿಲ್ ಹೋಗುತ್ತಿದ್ದರೆ ಸಿಂಥೆಟಿಕ್‌ಗೆ ದುಡ್ಡು ಸುರಿಯಬೇಡಿ, ಸರಿಮಾಡಿಸಬೇಕಾದ್ದು ವಾಲ್ವ್ ಸೀಲ್ ಮತ್ತು ಪಿಸ್ಟನ್ ರಿಂಗ್.

ಪ್ರಶ್ನೆ: ನಮ್ಮಲ್ಲಿ ಮೇ ತಿಂಗಳು 43 ಡಿಗ್ರಿ ಬಿಸಿಲು. ಹೊಸ ಕಾರಿಗೆ 0ಡಬ್ಲ್ಯೂ-20 ಹಾಕ್ತಾರೆ, ನೀರಿದ್ದ ಹಾಗಿದೆ. 20ಡಬ್ಲ್ಯೂ-50 ಹಾಕಿಸೋದು ಒಳ್ಳೇದಲ್ವಾ?
– ಓದುಗರು, ರಾಯಚೂರು

ಉತ್ತರ: ಬೇಡ. ಹೊರಗೆ 25 ಇರಲಿ 43 ಇರಲಿ, ಕಾರಿನ ಎಂಜಿನ್ ಕೂಲಂಟ್ ಅನ್ನು ಥರ್ಮೊಸ್ಟ್ಯಾಟ್ 90 ಡಿಗ್ರಿ ಆಸುಪಾಸಿನಲ್ಲೇ ಹಿಡಿದಿಡುತ್ತದೆ, ಆಯಿಲ್ ಅದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಇರುತ್ತದೆ. ಹಾಗಾಗಿ ಊರಿನ ಬಿಸಿಲು ಆಯಿಲ್‌ಗೆ ತಟ್ಟುವುದು ನೀವು ಅಂದುಕೊಂಡಷ್ಟಲ್ಲ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನುವುದರ ಗುರುತು. 20 ಅಂದರೆ 6.9ರಿಂದ 9.3 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ), 50 ಅಂದರೆ 16.3ರಿಂದ 21.9. ಅಂದರೆ ನೀವು ಎರಡು ಪಟ್ಟಿಗಿಂತ ದಪ್ಪದ ಆಯಿಲ್ ಹಾಕಲು ಹೊರಟಿದ್ದೀರಿ. ನಿಮ್ಮ ಎಂಜಿನ್‌ನಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವಂಥದ್ದಾದರೆ ಅದರ ಸಣ್ಣ ದಾರಿಗಳಲ್ಲಿ ಈ ದಪ್ಪ ಆಯಿಲ್ ನಿಧಾನವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕ್ಯಾಮ್ ತಲುಪಲು ಹೊತ್ತು ಹಿಡಿಯುತ್ತದೆ, ಸವೆತ ತಪ್ಪಿಸಲು ಹೋಗಿ ಸವೆತ ಜಾಸ್ತಿ ಮಾಡಿಕೊಂಡ ಹಾಗಾಯಿತು. ಮೈಲೇಜೂ ಇಳಿಯುತ್ತದೆ. ಕೆಲವು ಮ್ಯಾನುಯಲ್‌ಗಳಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ, ನಿಮ್ಮದರಲ್ಲಿ 5ಡಬ್ಲ್ಯೂ-30 ಕೂಡ ಇದ್ದರೆ ಬೇಸಿಗೆಗೆ ಅದನ್ನು ಹಾಕಿಸಿ. ಅದಕ್ಕಿಂತ ಆಚೆ ಹೋಗಬೇಡಿ. ರೇಡಿಯೇಟರ್ ಮುಂದೆ ಕಟ್ಟಿಕೊಂಡ ಹೊಟ್ಟು, ದೂಳು ತೆಗೆಸಿ, ರಾಯಚೂರಿನ ಬೇಸಿಗೆಗೆ ಅದು ಆಯಿಲ್‌ಗಿಂತ ಮುಖ್ಯ.

ಪ್ರಶ್ನೆ: ನಾನು ಕ್ಯಾಲ್ಗರಿಯಲ್ಲಿದ್ದೇನೆ, ಇಲ್ಲಿ ಚಳಿಗಾಲದಲ್ಲಿ ಮೈನಸ್ 30. ಇಲ್ಲಿ ಎಲ್ಲರೂ ಸಿಂಥೆಟಿಕ್ 0ಡಬ್ಲ್ಯೂ-20 ಅಂತಾರೆ. ಮೈಸೂರಿನಲ್ಲಿ ಅಪ್ಪನ ಹಳೇ ಕಾರಿಗೂ ಅದನ್ನೇ ಹಾಕಿಸಲಾ?
– ಓದುಗರು, ಕೆನಡಾ

ಉತ್ತರ: ನಿಮಗೆ ಅದು ಅಗತ್ಯ, ಅಪ್ಪನಿಗೆ ಅಲ್ಲ. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಯ ಲೆಕ್ಕ. 0ಡಬ್ಲ್ಯೂ ಆಯಿಲ್ ಅನ್ನು ಮೈನಸ್ 35ರಲ್ಲಿ ಎಂಜಿನ್ ತಿರುಗುತ್ತದಾ ಅಂತ, ಮೈನಸ್ 40ರಲ್ಲಿ ಪಂಪ್‌ಗೆ ಹರಿದು ಬರುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. 20ಡಬ್ಲ್ಯೂಗೆ ಇದು ಮೈನಸ್ 15 ಮತ್ತು ಮೈನಸ್ 20. ಮಿನರಲ್ ಆಯಿಲ್‌ನಲ್ಲಿರುವ ಮೇಣ ಕಡು ಚಳಿಯಲ್ಲಿ ಗಟ್ಟಿಯಾಗುತ್ತದೆ, ನಿಮ್ಮೂರಿನಲ್ಲಿ ಸಿಂಥೆಟಿಕ್ ಸವೆತ ತಪ್ಪಿಸುತ್ತದೆ ಅನ್ನುವ ಮಾತು ಅಕ್ಷರಶಃ ಸತ್ಯ. ಮೈಸೂರಿನಲ್ಲಿ ಡಿಸೆಂಬರ್ ಬೆಳಗ್ಗೆಯೂ 15 ಡಿಗ್ರಿ ಆಸುಪಾಸು ಇರುತ್ತದೆ. ಅಪ್ಪನ ಕಾರಿನ ಮ್ಯಾನುಯಲ್‌ನಲ್ಲಿ ಯಾವ ಗ್ರೇಡ್ ಇದೆಯೋ ಅದನ್ನೇ ಹಾಕಿಸಿ. ಕಾರು ವಾರಕ್ಕೊಮ್ಮೆ ಮಾರ್ಕೆಟ್‌ಗೆ ಮಾತ್ರ ಹೊರಡುವುದಾದರೆ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಲು ಹೇಳಿ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗೆ ನೀರು, ಪೆಟ್ರೋಲ್ ಆಯಿಲ್‌ನಲ್ಲೇ ಉಳಿಯುತ್ತವೆ.

ಪ್ರಶ್ನೆ: ಟ್ರ್ಯಾಕ್ಟರ್‌ಗೆ ತಂದ 15ಡಬ್ಲ್ಯೂ-40 ಆಯಿಲ್ ಕ್ಯಾನ್‌ನಲ್ಲಿ ಉಳಿದಿದೆ. ಬೈಕ್‌ಗೆ ಹಾಕಬಹುದಾ?
– ಓದುಗರು, ಮದ್ದೂರು

ಉತ್ತರ: ಕ್ಯಾನ್ ಮೇಲೆ ಜಾಸೊ ಎಂಎ ಗುರುತು ಇಲ್ಲದಿದ್ದರೆ ಬೇಡ. ಮುಚ್ಚಳ ಬಿಗಿಯಾಗಿ ಹಾಕಿ ನೆರಳಿನಲ್ಲಿಡಿ, ಮುಂದಿನ ಸರ್ವಿಸ್‌ಗೆ ಟ್ರ್ಯಾಕ್ಟರ್‌ಗೇ ಆಗುತ್ತದೆ. ಅದಕ್ಕಿಂತ, ಟ್ರ್ಯಾಕ್ಟರಿನ ಏರ್ ಕ್ಲೀನರ್ ಪೈಪನ್ನು ಒಮ್ಮೆ ಬಿಚ್ಚಿ ಒಳಗೆ ಬೆರಳಾಡಿಸಿ. ಫಿಲ್ಟರ್ ದಾಟಿದ ಮೇಲಿನ ಪೈಪಿನಲ್ಲಿ ಬೆರಳಿಗೆ ನುಣ್ಣನೆ ಮಣ್ಣು ಹತ್ತಿದರೆ ಆ ಮಣ್ಣು ಬೋರ್‌ಗೂ (ಪಿಸ್ಟನ್ ಓಡುವ ಸಿಲಿಂಡರ್) ಹೋಗುತ್ತಿದೆ. ಎಲ್ಲೋ ಕ್ಲಿಪ್ ಸಡಿಲ, ಇಲ್ಲವೇ ರಬ್ಬರ್ ಹರಿದಿದೆ. ರೋಟವೇಟರ್ ಹೊಡೆಯುವ ಹೊಲದಲ್ಲಿ ಹಾಗೆ ಓಡಿಸಿದರೆ ಬೋರ್ ಪಿಸ್ಟನ್ ಬೇಗ ಹೋಗುತ್ತದೆ, ಆಗ ಯಾವ ಆಯಿಲೂ ಕಾಪಾಡುವುದಿಲ್ಲ.

ಪ್ರಶ್ನೆ: ಬಿಎಸ್6 ಡೀಸೆಲ್ ಕಾರು. ಹೊಸ ಆಯಿಲ್ 800 ಕಿ.ಮೀ.ಗೇ ಕಪ್ಪಾಗಿದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲೇರಿದೆ. ನಕಲಿ ಆಯಿಲ್ ಹಾಕಿದ್ದಾರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಕಪ್ಪಾಗುವುದು ಸಹಜ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಮಟ್ಟ ಏರಿದ್ದೇ ಯೋಚಿಸಬೇಕಾದ ವಿಷಯ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರನ್ನು ಸುಟ್ಟು ಖಾಲಿ ಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಆ ಕೆಲಸ ಮುಗಿಯುವ ಮೊದಲೇ ನೀವು ಗಾಡಿ ಆಫ್ ಮಾಡುತ್ತಿದ್ದರೆ ಮತ್ತೆ ಮತ್ತೆ ಶುರುವಾಗುತ್ತದೆ, ಪ್ರತಿ ಸಲವೂ ಸ್ವಲ್ಪ ಡೀಸೆಲ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗ್ ಸವೆಯುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಕಾಯಬೇಡಿ, ಆಯಿಲ್ ಬದಲಿಸಿ, ಸರ್ವಿಸ್ ಸೆಂಟರ್‌ನಲ್ಲಿ ಡಿಪಿಎಫ್ ಸ್ಥಿತಿ ನೋಡಿಸಿ. ವಾರಕ್ಕೊಮ್ಮೆ ಧಾರವಾಡ ಬೈಪಾಸ್ ಕಡೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಇಂಥ ಕಾರಿಗೆ ಬೂದಿ ಕಮ್ಮಿ ಬಿಡುವ ಆಯಿಲೇ ಬೇಕು, ಸಾಮಾನ್ಯವಾಗಿ ಡಬ್ಬಿ ಮೇಲೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ2 ಅಥವಾ ಸಿ3 ಅಂತಿರುತ್ತದೆ, ಯಾವುದು ಅನ್ನುವುದು ಮ್ಯಾನುಯಲ್‌ನಲ್ಲಿದೆ. ಬೂದಿ ಸುಟ್ಟು ಹೋಗುವುದಿಲ್ಲ, ಡಿಪಿಎಫ್‌ನಲ್ಲೇ ಉಳಿದು ಕಟ್ಟಿಕೊಳ್ಳುತ್ತದೆ.

ನಕಲಿಯ ಭಯ ನ್ಯಾಯವಾದದ್ದೇ. ಸೀಲ್ ಇರುವ ಡಬ್ಬಿಯನ್ನು ನಿಮ್ಮೆದುರೇ ಒಡೆಸಿ, ಬಿಲ್ ಇಟ್ಟುಕೊಳ್ಳಿ. ಖಾಲಿ ಡಬ್ಬಿಗೆ ಅಲ್ಲೇ ಸ್ಕ್ರೂಡ್ರೈವರ್‌ನಿಂದ ತೂತು ಹಾಕಿಸಿ, ಒಳ್ಳೆ ಡಬ್ಬಿ ಗುಜರಿಗೆ ಹೋದರೆ ಅದರಲ್ಲೇ ಮತ್ತೆ ಏನೋ ತುಂಬಿ ಬರುತ್ತದೆ.

ಪ್ರಶ್ನೆ: ಆಯಿಲ್ ಜೊತೆ ಹಾಕೋ ‘ಎಂಜಿನ್ ಲೈಫ್’ ಬಾಟಲಿಗಳು ಕೆಲಸ ಮಾಡುತ್ತವಾ?
– ಓದುಗರು, ಹಾಸನ

ಉತ್ತರ: ಹಾಕಬೇಡಿ. ಬೇಕಾದ ಮದ್ದನ್ನು ಅಳತೆ ಮಾಡಿ ಆಯಿಲ್‌ನಲ್ಲೇ ಬೆರೆಸಿರುತ್ತಾರೆ. ಮೇಲೆ ಇನ್ನಷ್ಟು ಸುರಿದರೆ ಆ ಅಳತೆ ಕೆಡುತ್ತದೆ, ಬೈಕ್ ಆದರೆ ಕ್ಲಚ್ ಜಾರಬಹುದು. ಆ ದುಡ್ಡಿಗೆ ಒಳ್ಳೆ ಆಯಿಲ್ ಫಿಲ್ಟರ್ ಬರುತ್ತದೆ.